ವೇಪ್ ಜ್ಯೂಸಿನಿಂದ ಕಾಯಿಲ್ ಶಾರ್ಟ್ ಆಗುತ್ತಾ? ಏಳು ಲೋಟ ಇಟ್ಟು ನೋಡಿದೆ

"ಅಣ್ಣಾ, ಹತ್ತಿಗೆ ಜ್ಯೂಸ್ ಜಾಸ್ತಿ ಹಾಕ್ಬಿಟ್ಟೆ. ಈಗ ಮೆಷಿನ್ 'ಶಾರ್ಟ್' ಅಂತ ತೋರಿಸ್ತಿದೆ. ಜ್ಯೂಸೇ ಕರೆಂಟ್ ಪಾಸ್ ಮಾಡ್ತಿದೆಯಾ?"

ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮ ಪಕ್ಕದ ಬೀದಿಯಲ್ಲಿರುವ ಹಾಸನದ ಹುಡುಗ ಕೇಳಿದ ಪ್ರಶ್ನೆ ಇದು. ಬ್ರಿಟನ್‌ನಲ್ಲಿ 2025ರ ಜೂನ್ 1ರಿಂದ ಒಂದು ಸಲ ಬಳಸಿ ಎಸೆಯುವ ವೇಪ್ (ಇ-ಸಿಗರೇಟ್) ಮಾರುವ ಹಾಗಿಲ್ಲ. ಆಮೇಲೆ ಅವನು ತಾನೇ ತಂತಿ ಸುತ್ತಿ ಕಾಯಿಲ್ ಹಾಕಿಕೊಳ್ಳುವ ಅಟೊಮೈಜರ್‌ಗೆ ಬಂದ. ಅಟೊಮೈಜರ್ ಅಂದರೆ ಹತ್ತಿ ಹೀರಿದ ಜ್ಯೂಸನ್ನು ಕಾಯಿಲ್ ಕಾಯಿಸಿ ಆವಿ ಮಾಡುವ ಭಾಗ. ನಾನು ಸಿಗರೇಟ್ ಬಿಡಲು ಇದಕ್ಕೆ ಬಂದವನು, ಆರು ವರ್ಷ ಆಯಿತು. ಅಂದಾಜಿನ ಮೇಲೆ "ಇಲ್ಲ ಕಣೋ" ಅನ್ನಬಹುದಿತ್ತು. ಆದರೆ ಬ್ಯಾಟರಿ ವಿಷಯದಲ್ಲಿ ಅಂದಾಜು ಹೇಳಬಾರದು. ಪರೀಕ್ಷೆ ಮಾಡೇ ಬಿಡೋಣ ಅಂತ ಕೂತೆ.

ಊರಲ್ಲಿ ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ 2019ರ ಕಾಯ್ದೆ ಪ್ರಕಾರ ಇ-ಸಿಗರೇಟ್ ಮಾರುವುದು, ತರಿಸುವುದು, ದಾಸ್ತಾನು ಇಡುವುದು ಎಲ್ಲ ಅಪರಾಧ. ಸಿಗರೇಟ್ ಸೇದದವರು ಇದರ ಹತ್ತಿರವೂ ಬರಬೇಡಿ. ನಾನು ಹೇಳುತ್ತಿರುವುದು ಕರೆಂಟಿನ ವಿಷಯ.

ಏಳು ಚಿಕ್ಕ ಗಾಜಿನ ಲೋಟ ತೆಗೆದುಕೊಂಡೆ. ಎರಡು ಕಾಂಥಾಲ್ ತಂತಿ, ಅಂದರೆ ನಾವು ಕಾಯಿಲ್ ಸುತ್ತುವ ಅದೇ ಕಬ್ಬಿಣ-ಕ್ರೋಮಿಯಂ-ಅಲ್ಯೂಮಿನಿಯಂ ತಂತಿ. ಎರಡರ ನಡುವೆ ಒಂದು ಸೆಂಟಿಮೀಟರ್ ಅಂತರ, ದ್ರವದೊಳಗೆ ಒಂದು ಸೆಂಟಿಮೀಟರ್ ಮುಳುಗಿಸಿದೆ. 9 ವೋಲ್ಟ್ ಬ್ಯಾಟರಿ ಕೊಟ್ಟು, ಮಧ್ಯೆ ಮಲ್ಟಿಮೀಟರ್ ಸೇರಿಸಿ ಎಷ್ಟು ಕರೆಂಟ್ ಹರಿಯುತ್ತೆ ಅಂತ ನೋಡಿದೆ. ಮೊದಲು ಸುಮ್ನೆ ಓಮ್‌ನಲ್ಲಿಟ್ಟು ಅಳೆಯಲು ಹೋಗಿದ್ದೆ. ದ್ರವದಲ್ಲಿ ಆ ಅಂಕಿ ನಿಲ್ಲುವುದೇ ಇಲ್ಲ, ಏರುತ್ತಲೇ ಹೋಗುತ್ತೆ. ಅದಕ್ಕೇ ಬ್ಯಾಟರಿ ದಾರಿ ಹಿಡಿದೆ.

ಅಡುಗೆ ಉಪ್ಪು ಹಾಕಿದ ನೀರು ಮೊದಲು. ನೂರು ಮಿಲಿಗೆ ಒಂದು ಚಿಟಿಕೆ ಅಷ್ಟೇ. ತಂತಿ ಇಳಿಸಿದ ತಕ್ಷಣ ಒಂದು ತಂತಿಯ ಮೈಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಇನ್ನೊಂದು ತಂತಿಯ ಸುತ್ತ ನೀರು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿತು. ಪ್ಲಸ್ ಕಡೆಯ ತಂತಿ ಕರಗುತ್ತಿತ್ತು. ಮೀಟರ್‌ನಲ್ಲಿ ಸುಮಾರು 90 ಮಿಲಿ ಆಂಪ್. ನಲ್ಲಿ ನೀರಿನಲ್ಲಿ ಮೂರೂವರೆ ಮಿಲಿ ಆಂಪ್. ಇಲ್ಲಿನ ನೀರು ಗಡಸು, ಕೆಟಲ್ ತಳದಲ್ಲಿ ವಾರಕ್ಕೇ ಬಿಳಿ ಸುಣ್ಣ ಕಟ್ಟುತ್ತೆ. ಇಸ್ತ್ರಿ ಪೆಟ್ಟಿಗೆಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಬರೀ 25 ಮೈಕ್ರೋ ಆಂಪ್ (ಮಿಲಿ ಆಂಪ್‌ನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರೋ ಆಂಪ್). ನೀರು ಕರೆಂಟ್ ಹರಿಸುತ್ತೆ ಅಂತೀವಲ್ವಾ, ಹರಿಸುವುದು ಅದರಲ್ಲಿ ಕರಗಿರುವ ಲವಣ.

ಈಗ ಜ್ಯೂಸ್ ಕಡೆ. ಜ್ಯೂಸ್ ಅಂದರೆ ಮುಕ್ಕಾಲು ಮೂರುವೀಸ ಪಾಲು ಎರಡೇ ವಸ್ತು: ತರಕಾರಿ ಎಣ್ಣೆಯಿಂದ ತೆಗೆದ ಗ್ಲಿಸರಿನ್, ಮತ್ತೆ ಪ್ರೊಪಿಲೀನ್ ಗ್ಲೈಕಾಲ್. ಶುದ್ಧ ಗ್ಲಿಸರಿನ್‌ನಲ್ಲಿ ಮೀಟರ್ ಸೊನ್ನೆ ಬಿಟ್ಟು ಕದಲಲಿಲ್ಲ. ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಸೊನ್ನೆಗೂ ಒಂದು ಮೈಕ್ರೋ ಆಂಪ್‌ಗೂ ನಡುವೆ ಓಡಾಡಿತು. ಎರಡರಲ್ಲೂ ಕರೆಂಟ್ ಹೊತ್ತು ಓಡುವ ಅಯಾನುಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗ್ಲಿಸರಿನ್ ಅಂತೂ ಬೆಲ್ಲದ ಪಾಕದ ಹಾಗೆ ದಪ್ಪ, ಇದ್ದರೂ ಅವು ಬೇಗ ಚಲಿಸಲಾರವು.

ನಿಕೋಟಿನ್ ಸೇರಿದ ಎರಡು ಜ್ಯೂಸ್‌ಗಳ ನಡುವಿನ ವ್ಯತ್ಯಾಸ ಮಾತ್ರ ನನಗೆ ಹೊಸದು. 50 ಮಿಲಿ ಜ್ಯೂಸ್‌ಗೆ, ಮಿಲಿಗೆ 18 ಮಿಲಿಗ್ರಾಂ ಇರುವ ನಿಕೋಟಿನ್ ದ್ರವ 10 ಮಿಲಿ ಸೇರಿಸಿದರೆ ಮಿಲಿಗೆ 3 ಮಿಲಿಗ್ರಾಂ ಬರುತ್ತೆ. ಅದರಲ್ಲಿ 7 ಮೈಕ್ರೋ ಆಂಪ್, ಡಿಸ್ಟಿಲ್ಡ್ ನೀರಿಗಿಂತಲೂ ಕಡಿಮೆ. ಆದರೆ 20 ಮಿಲಿಗ್ರಾಂನ ನಿಕೋಟಿನ್ ಸಾಲ್ಟ್ 180ಕ್ಕೆ ಹೋಯಿತು. ಹೆಸರಲ್ಲೇ ಇದೆ ಕಾರಣ. ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲದಂಥದ್ದು ಸೇರಿಸಿ ಲವಣ ಮಾಡಿರುತ್ತಾರೆ. ಲವಣ ಇದ್ದ ಕಡೆ ಅಯಾನು ಇರುತ್ತೆ. (ಈ ಲೋಟ ಮುಟ್ಟುವಾಗ ಕೈಗವಸು ಹಾಕಿಕೊಂಡಿದ್ದೆ. ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತೆ, ಹುಷಾರು.)

ಹಾಗಾದರೆ ಜ್ಯೂಸ್ ಕರೆಂಟ್ ಹರಿಸುತ್ತೆ ಅಂತಾಯಿತು. ಶಾರ್ಟ್ ಮಾಡುತ್ತಾ? ಲೆಕ್ಕ ಹಾಕಿ. ಅರ್ಧ ಓಮ್ ಕಾಯಿಲ್‌ಗೆ ತುಂಬಿದ ಬ್ಯಾಟರಿಯ 4.2 ವೋಲ್ಟ್ ಕೊಟ್ಟರೆ 8.4 ಆಂಪ್ ಹರಿಯುತ್ತೆ. ನನ್ನ ಲೋಟದ ಸಾಲ್ಟ್ ಜ್ಯೂಸ್ ಸುಮಾರು 50 ಸಾವಿರ ಓಮ್. ಅದರಲ್ಲಿ ಹರಿಯುವುದು ಕಾಯಿಲ್‌ನ ಲಕ್ಷದಲ್ಲಿ ಒಂದು ಪಾಲು. ಕಾಯಿಲ್‌ನ ಸುತ್ತುಗಳು ಲೋಟದ ತಂತಿಗಿಂತ ಹತ್ತಿರ ಇರುತ್ತವೆ, ನಿಜ. ಅದಕ್ಕೆ ನೂರು ಪಟ್ಟು ಜಾಸ್ತಿ ಅಂತಲೇ ಇಟ್ಟುಕೊಳ್ಳಿ, ಆಗಲೂ ಸಾವಿರದಲ್ಲಿ ಒಂದು ಪಾಲು.

ಲೆಕ್ಕ ನಂಬದಿದ್ದರೆ ಕಣ್ಣಾರೆ ನೋಡೋಣ ಅಂತ ಕಾಯಿಲ್ ಕೂರಿಸಿದ ಡೆಕ್ಕನ್ನೇ (ಅಟೊಮೈಜರ್‌ನ ತಳ) ಓಮ್ ರೀಡರ್ ಮೇಲಿಟ್ಟೆ. ಒಣಗಿದಾಗ 0.50. ಜ್ಯೂಸ್ ತೊಟ್ಟಿಕ್ಕುವಷ್ಟು ಸುರಿದಾಗ 0.50. ತೊಳೆದು, ಒರೆಸಿ, ಉಪ್ಪುನೀರು ತುಂಬಿದೆ. ಆಗಾಗ 0.49, ಮತ್ತೆ 0.50. ಗುಳ್ಳೆ ಎಬ್ಬಿಸಿ ತಂತಿ ತಿಂದ ಉಪ್ಪುನೀರಿಗೇ ಇದನ್ನು ಶಾರ್ಟ್ ಮಾಡಲು ಆಗಲಿಲ್ಲ! (ಉಪ್ಪುನೀರು ಇರುವಾಗ ಬಟನ್ ಒತ್ತಿಲ್ಲ, ನೀವೂ ಒತ್ತಬೇಡಿ.)

ಸುತ್ತುಗಳು ಒಂದಕ್ಕೊಂದು ತಾಗುತ್ತವಲ್ಲ ಅಂತ ಹುಡುಗ ಕೇಳಿದ್ದ. ಕಾಂಥಾಲ್ ಕೆಂಪಗೆ ಕಾದಾಗ ಅದರ ಮೇಲೆ ಅಲ್ಯೂಮಿನಿಯಂ ಆಕ್ಸೈಡ್‌ನ ತೆಳು ಪದರ ಕಟ್ಟುತ್ತೆ. ಅದು ಕರೆಂಟ್ ಬಿಡುವುದಿಲ್ಲ. ಅದಕ್ಕೇ ಹತ್ತಿ ಹಾಕುವ ಮೊದಲು ಎರಡು ಮೂರು ಸಲ ಮೆಲ್ಲಗೆ ಕಾಯಿಸಿ, ಇಕ್ಕಳದಲ್ಲಿ ಸುತ್ತುಗಳನ್ನು ಒತ್ತಿಕೊಳ್ಳುವುದು.

ಆದರೆ ಜ್ಯೂಸ್‌ಗೆ ಹೆದರಲೇಬೇಕಾದ ಜಾಗ ಒಂದಿದೆ. ಕಾಯಿಲ್ ಅಲ್ಲ, ಮೆಷಿನ್ನಿನ ಹೊಟ್ಟೆ. ಎರಡು ವರ್ಷದ ಹಿಂದೆ ನನ್ನ ಹಳೇ ಮಾಡ್ (ಬ್ಯಾಟರಿ, ಬಟನ್ ಇರುವ ಮೆಷಿನ್) ಬ್ಯಾಗಿನಲ್ಲಿ ಓರೆಯಾಗಿ ಬಿದ್ದಿತ್ತು. ಜ್ಯೂಸ್ ಸೋರಿ ಕೆಳಗಿನ ಪಿನ್ ಮೂಲಕ ಒಳಗಿಳಿದಿತ್ತು. ಟ್ರೈನಿನಲ್ಲಿ ಸುಟ್ಟ ಹತ್ತಿಯ ವಾಸನೆ ಬಂದಾಗ ತೆಗೆದು ನೋಡಿದರೆ, ಬಟನ್ ಮುಟ್ಟದೆಯೇ ಅದು ತಾನಾಗಿ ಕಾಯಿಲ್ ಕಾಯಿಸುತ್ತಿತ್ತು. ಬ್ಯಾಟರಿ ಎಳೆದು ಹಾಕುವಷ್ಟರಲ್ಲಿ ಕೈ ನಡುಗುತ್ತಿತ್ತು. ಬಟನ್ನಿನ ತಂತಿದಾರಿಯಲ್ಲಿ ಹರಿಯುವುದೇ ಮೈಕ್ರೋ ಆಂಪ್ ಲೆಕ್ಕದ ಕರೆಂಟ್. ಅಲ್ಲಿ 50 ಸಾವಿರ ಓಮ್‌ನ ಜ್ಯೂಸ್ ಬಿದ್ದರೆ ಒಳಗಿನ ಸರ್ಕ್ಯೂಟ್ ಬೋರ್ಡ್‌ಗೆ ಬೆರಳು ಒತ್ತಿದ ಹಾಗೇ ಕಾಣಬಹುದು. ಅರ್ಧ ಓಮ್ ಕಾಯಿಲ್ ಮುಂದೆ ಲೆಕ್ಕಕ್ಕೇ ಇಲ್ಲದ ಅದೇ ಜ್ಯೂಸ್ ಇಲ್ಲಿ ಅಪಾಯ. ಬೋರ್ಡೇ ಇಲ್ಲದ ಮೆಕ್ಯಾನಿಕಲ್ ಮಾಡ್‌ನಲ್ಲಿ ಈ ಕಾಟ ಇಲ್ಲ. ಆದರೆ ನಿಜವಾಗಿ ಶಾರ್ಟ್ ಆದರೆ ತಡೆಯುವವರೂ ಅಲ್ಲಿ ಯಾರೂ ಇಲ್ಲ. ಹೊಸಬರಿಗೆ ಅದು ಬೇಡವೇ ಬೇಡ.

ಹುಡುಗನ ಅಟೊಮೈಜರ್ ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದೆ. ಪ್ಲಸ್ ಕಡೆಯ ಸ್ಕ್ರೂ ದಾಟಿ ತಂತಿಯ ಕಾಲು ಒಂದು ಮಿಲಿಮೀಟರ್ ಹೊರಗೆ ಚಾಚಿಕೊಂಡಿತ್ತು. ಕ್ಯಾಪ್ ಹಾಕಿದರೆ ಮೈನಸ್ ಕಡೆಗೆ ಸೇರಿದ ಅದರ ಒಳಗೋಡೆಗೆ ತಾಗುತ್ತಿತ್ತು. ಶಾರ್ಟ್ ಅದೇ. ಗೋಡೆಯ ಮೇಲೆ ಅದರ ಗೀರು ಕೂಡ ಇತ್ತು. ಚಿಕ್ಕ ಕಟರ್‌ನಿಂದ ಅಷ್ಟನ್ನು ಕತ್ತರಿಸಿ, ಅದೇ ಒದ್ದೆ ಹತ್ತಿಯಲ್ಲಿ ಕ್ಯಾಪ್ ಮುಚ್ಚಿದೆ. ಮೆಷಿನ್ 0.48 ತೋರಿಸಿತು.