ಎನ್‌ಆರ್‌ಜಿ, ಎಂಡಿಎಫ್, ಬಿನ್: ಲಿನಕ್ಸ್‌ನಲ್ಲಿ ಯಾವುದಕ್ಕೆ ಯಾವ ಟೂಲ್?

ಮಂಗಳೂರು, ಉಡುಪಿ ಕಡೆ ಹಳೆಯ ಹಾರ್ಡ್‌ಡಿಸ್ಕ್ ಬಿಚ್ಚಿದರೆ ಯಕ್ಷಗಾನದ ಸಿಡಿ, ವಿಸಿಡಿ (ವಿಡಿಯೊ ಸಿಡಿ) ಇಮೇಜ್‌ಗಳು, ಅಂದರೆ ಇಡೀ ಡಿಸ್ಕನ್ನು ಫೈಲಾಗಿ ಹಿಡಿದಿಟ್ಟ ನಕಲುಗಳು ಸಿಗುವುದುಂಟು. ಮಳೆಗಾಲದಲ್ಲಿ ಡಿಸ್ಕ್‌ಗೆ ಬೂಷ್ಟು ಹಿಡಿಯುವ ಮೊದಲು ಯಾರೋ ನೀರೋ, ಆಲ್ಕೊಹಾಲ್ 120% ಎಂಬ ಸಿಡಿ ತಂತ್ರಾಂಶಗಳಲ್ಲಿ ತೆಗೆದಿಟ್ಟವು. ಟೂಲ್ ಆರಿಸುವಾಗ ಫೈಲಿನ ಬಾಲ (.nrg, .mdf, .bin) ನೋಡಿದರೆ ಸಾಲದು, ಒಳಗೇನಿದೆ ಅಂತ ನೋಡಬೇಕು.

ಸುಲಭದ್ದು ನೀರೋದ ಎನ್‌ಆರ್‌ಜಿ. ಒಂದೇ ಡೇಟಾ ಟ್ರ್ಯಾಕ್ ಇದ್ದರೆ ಮೊದಲ 3,07,200 ಬೈಟ್ ಬಿಟ್ಟು ಉಳಿದದ್ದೇ ಐಎಸ್‌ಒ, ಅಂದರೆ ಲಿನಕ್ಸ್ ನೇರ ತೆರೆಯುವ ಇಮೇಜ್. ಎನ್‌ಆರ್‌ಜಿ2ಐಎಸ್‌ಒ ಎಂಬ ಟೂಲ್ ಮಾಡುವುದೂ ಅಷ್ಟೇ. ಬೈಟ್ ನಕಲಿಸುವ ಡಿಡಿ ಕಮಾಂಡ್‌ಗೆ ಬಿಎಸ್ 2048, ಸ್ಕಿಪ್ 150 ಕೊಟ್ಟರೆ ಅದೂ ಬೇಡ.

ಆಲ್ಕೊಹಾಲ್‌ನ ಎಂಡಿಎಫ್ ಡಿವಿಡಿಯದ್ದಾದರೆ ಸಾಮಾನ್ಯವಾಗಿ ಬಾಲವನ್ನು .iso ಎಂದು ಬದಲಿಸಿದರೆ ಮುಗಿಯಿತು. ಸಿಡಿಯದ್ದಾದರೆ ಸೆಕ್ಟರ್ (ಡಿಸ್ಕಿನ ಒಂದು ತುಂಡು) 2352 ಬೈಟ್, ಸಬ್‌ಚಾನೆಲ್ ಎಂಬ ಹೆಚ್ಚುವರಿ ಮಾಹಿತಿ ಸೇರಿದ್ದರೆ 2448. ಫೈಲಿನ ಬೈಟ್ ತೋರಿಸುವ ಎಕ್ಸ್‌ಎಕ್ಸ್‌ಡಿಯಲ್ಲಿ 32,769ನೇ ಆಫ್‌ಸೆಟ್ (ಬೈಟ್ ಸ್ಥಾನ) ನೋಡಿ: ಅಲ್ಲಿ 'ಸಿಡಿ001' ಕಂಡರೆ ಅದಾಗಲೇ ಐಎಸ್‌ಒ. 37,649ರಲ್ಲಿ ಕಂಡರೆ 2352ರ ಮೋಡ್ 1 (ಸಾಮಾನ್ಯ ಡೇಟಾ ಸೆಕ್ಟರ್), ಪರಿವರ್ತನೆ ಬೇಕು. ಇದಕ್ಕೆ ಎಂಡಿಎಫ್2ಐಎಸ್‌ಒ ಸಾಕು, ಆದರೂ ನಮ್ಮ ಓಟು ಐಎಟಿ ಎಂಬ ಟೂಲ್‌ಗೆ. ಬಿನ್, ಸಿಡಿಐ, ಎನ್‌ಆರ್‌ಜಿ ಎಲ್ಲವನ್ನೂ ಅದೊಂದೇ ಓದುತ್ತದೆ.

ಬಿನ್ (ಡೇಟಾ), ಕ್ಯೂ (ಟ್ರ್ಯಾಕ್ ಪಟ್ಟಿ) ಜೋಡಿಯಲ್ಲಿ ಹಾಡುಗಳೂ ಇದ್ದರೆ ಬಿಚಂಕ್ ಎಂಬ ಟೂಲ್. ಡಬ್ಲ್ಯೂ ಆಯ್ಕೆ ಕೊಟ್ಟರೆ ಭಾಗವತಿಕೆ ವೇವ್ ಫೈಲಾಗಿ ಬರುತ್ತದೆ. ಚಂಡೆಯ ಬದಲು ಬರೀ ಕರಕರ ಸದ್ದು ಕೇಳಿದರೆ ಬೈಟ್ ಕ್ರಮ ತಲೆಕೆಳಗಾಗಿರುತ್ತದೆ, ಎಸ್ ಆಯ್ಕೆಯನ್ನೂ ಸೇರಿಸಿ.

ಎಲ್ಲರೂ ಎಡವುವುದು ವಿಸಿಡಿಯಲ್ಲಿ. ಅದರ ವಿಡಿಯೊ ಇರುವುದು ಮೋಡ್ 2 ಫಾರ್ಮ್ 2 ಎಂಬ ಸೆಕ್ಟರ್ ವಿಧದಲ್ಲಿ, ಅಂದರೆ ಸೆಕ್ಟರಿಗೆ 2324 ಬೈಟ್. ಐಎಸ್‌ಒ ಹಿಡಿಸುವುದು 2048. ಪ್ರತಿ ಸೆಕ್ಟರಿನಿಂದ 276 ಬೈಟ್ ಕತ್ತರಿಸಿ ಹೋದರೂ ಬಿಚಂಕ್ ತಕರಾರೇ ಮಾಡದು. ಪ್ಲೇಯರ್‌ನಲ್ಲಿ ಹಾಕಿದಾಗ ವೇಷದ ಕಿರೀಟವೆಲ್ಲ ಚೌಕಚೌಕವಾಗಿ ಒಡೆಯುತ್ತದೆ. ಹಾಗಾಗಿ ವಿಸಿಡಿಯನ್ನು ಐಎಸ್‌ಒ ಮಾಡಲೇಬೇಡಿ. ವಿಸಿಡಿಇಮೇಜರ್ ಪ್ಯಾಕೇಜಿನ ವಿಸಿಡಿಎಕ್ಸ್‌ರಿಪ್‌ಗೆ ಬಿನ್ ಫೈಲ್ ಕೊಟ್ಟರೆ ನೇರ ಎಂಪಿಜಿ ಸಿಗುತ್ತದೆ.

ಯಾವುದಕ್ಕೂ ಬಗ್ಗದ ಇಮೇಜ್‌ಗೆ ಸಿಡಿಇಮು ಎಂಬ ನಕಲಿ ಸಿಡಿ ಡ್ರೈವ್. ಎಂಡಿಎಫ್ ಅಲ್ಲ, ಜತೆಗಿರುವ ಎಂಡಿಎಸ್ (ಟ್ರ್ಯಾಕ್ ವಿವರದ ಫೈಲು) ಲೋಡ್ ಮಾಡಬೇಕು. ನಿಜವಾದ ಡ್ರೈವ್‌ನಂತೆ ಕಾಣುವುದರಿಂದ ಹಾಡು ತೆಗೆಯುವ ಸಿಡಿಪ್ಯಾರನೋಯಾ, ವಿಸಿಡಿಎಕ್ಸ್‌ರಿಪ್ ಎರಡೂ ಅದರ ಮೇಲೆ ಓಡುತ್ತವೆ. ಕೆಲಸದಲ್ಲಿ ಇದೇ ಗಟ್ಟಿ, ಕೂರಿಸುವುದೇ ರಗಳೆ. ವಿಎಚ್‌ಬಿಎ ಕರ್ನಲ್ ಮಾಡ್ಯೂಲ್ ಬೇಕು, ಕರ್ನಲ್ ಅಪ್‌ಡೇಟ್ ಆದಾಗ ಡಿಕೆಎಂಎಸ್ ಅದನ್ನು ಮತ್ತೆ ಕಟ್ಟಬೇಕು, ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲ್ ಲೋಡೇ ಆಗದು.

ಪವರ್‌ಐಎಸ್‌ಒ ತಂತ್ರಾಂಶದ ಡಿಎಎ ಇಮೇಜ್ ಕುಗ್ಗಿಸಿದ ಫೈಲು, ಡಿಡಿ ಆಟ ಅಲ್ಲಿ ನಡೆಯದು. ಪವರ್‌ಐಎಸ್‌ಒದವರದೇ ಲಿನಕ್ಸ್ ಕಮಾಂಡ್ ಬಳಸಿ.