ದಾರಿ ತೋರಿಸಲೆಂದೇ ಮಾಡಿದ ಫೋನ್: ಘಾಟಿ ರಸ್ತೆಯಲ್ಲಿ ವರ್ಷಗಟ್ಟಲೆ ಬಳಸಿದವನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ, ಇವತ್ತಿನ ಸ್ಮಾರ್ಟ್‌ಫೋನ್ ಎದುರು ನನ್ನ ಈ ಹಳೇ ನ್ಯಾವಿಗೇಷನ್ ಫೋನ್ ನಿಲ್ಲುವುದಿಲ್ಲ. ಆದರೂ ಹಾಸನದಿಂದ ಬಾಡಿಗೆ ಹಿಡಿದು ಬಿಸಿಲೆ ಘಾಟಿ ಕಡೆ ಹೊರಟರೆ ನನ್ನ ಗಾಡಿಯಲ್ಲಿ ಇದು ಇರಲೇಬೇಕು.

2009ರಲ್ಲಿ ನೋಕಿಯಾ 6710 ನ್ಯಾವಿಗೇಟರ್, ಗಾರ್ಮಿನ್-ಏಸುಸ್ ಕೂಡಿ ಮಾಡಿದ ನ್ಯೂವಿಫೋನ್ ಜಿ60 ಬಂದವಲ್ಲ, ನನ್ನದೂ ಆ ಕಾಲದ, ದಾರಿ ತೋರಿಸಲೆಂದೇ ಮಾಡಿದ ಫೋನ್, ಆದರೆ ಕೀಪ್ಯಾಡಿನದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗೂಗಲ್ ಅಮೆರಿಕದಲ್ಲಿ ತಿರುವು ತಿರುವಿಗೂ ದಾರಿ ಹೇಳುವ ಸೇವೆಯನ್ನು ಪುಕ್ಕಟೆ ಕೊಟ್ಟಿತು. 2010ರ ಜನವರಿಯಲ್ಲಿ ನೋಕಿಯಾವೂ ತನ್ನ ನ್ಯಾವಿಗೇಷನ್‌ಗೆ ದುಡ್ಡು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಎಲ್ಲ ಫೋನಲ್ಲೂ ಬಿಟ್ಟಿ ಸಿಗುವುದಕ್ಕೆ ಬೇರೆ ಫೋನ್ ಯಾರು ಕೊಳ್ಳುತ್ತಾರೆ?

ಹಾಗಿದ್ದೂ ನನಗೆ ಇದು ಇಷ್ಟವಾಗುವುದು ಮಳೆಗಾಲದಲ್ಲಿ. ಸಕಲೇಶಪುರದ ಜುಲೈ ಮಳೆಯಲ್ಲಿ ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಓಗೊಡುವುದಿಲ್ಲ. ಇದರಲ್ಲಿ ಮ್ಯಾಪಿಗೆಂದೇ ಒಂದು ಕೀ ಇದೆ. ಕಣ್ಣು ರಸ್ತೆ ಮೇಲೇ ಇಟ್ಟು ಒತ್ತಿದರೆ ಸಾಕು, ಮ್ಯಾಪ್ ತೆರೆಯುತ್ತದೆ. ಮ್ಯಾಪ್ ಪೂರ್ತಿ ಮೆಮೊರಿ ಕಾರ್ಡಿನಲ್ಲೇ ಇರುವುದರಿಂದ, ಬಿಸಿಲೆ ದಾಟಿ ಕುಕ್ಕೆ ಕಡೆ ಇಳಿಯುವಾಗ ಸಿಗ್ನಲ್ ಹೋದರೂ ದಾರಿ ಹೇಳುವ ದನಿ ನಿಲ್ಲುವುದಿಲ್ಲ.

ತೊಂದರೆ ಶುರುವಾಗುವುದು ಮರಗಳ ಕೆಳಗೆ. ಇದಕ್ಕೆ ಗೊತ್ತಿರುವುದು ಅಮೆರಿಕದ ಜಿಪಿಎಸ್ ಒಂದೇ. ನಿಂತ ಜಾಗ ಲೆಕ್ಕ ಹಾಕಲು ಕನಿಷ್ಠ 4 ಉಪಗ್ರಹ ಕಾಣಬೇಕು. ನೆಟ್‌ವರ್ಕ್ ನೆರವಿಲ್ಲದಿದ್ದರೆ ಉಪಗ್ರಹ ಎಲ್ಲಿದೆ ಎನ್ನುವ ವಿವರ ಸೆಕೆಂಡಿಗೆ ಬರೀ 50 ಬಿಟ್‌ನಂತೆ, ಬಹಳ ನಿಧಾನವಾಗಿ ತೊಟ್ಟಿಕ್ಕುತ್ತದೆ. ತೋಟದ ಸಿಲ್ವರ್ ಓಕ್ ಸಾಲಿನಡಿ ಅದು ನಡುವೆ ತುಂಡಾದರೆ, 30 ಸೆಕೆಂಡಿಗೊಮ್ಮೆ ಮರಳುವ ಅದೇ ವಿವರ ಮತ್ತೆ ಬರುವವರೆಗೆ ಕಾಯಬೇಕು. ಈಗಿನ ಫೋನ್‌ಗಳು ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ ಉಪಗ್ರಹಗಳನ್ನೂ ಹಿಡಿಯುತ್ತವೆ. 2020ರಿಂದೀಚೆಗೆ ಬಂದ ಹಲವು ಫೋನ್‌ಗಳಲ್ಲಿ ನಮ್ಮ ದೇಶದ್ದೇ ಆದ ನಾವಿಕ್ ಕೂಡ ಸಿಗುತ್ತದೆ. ಗುಡ್ಡ ಒಂದು ಪಕ್ಕದ ಆಕಾಶವನ್ನೇ ಮುಚ್ಚುವ ಘಾಟಿಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನಾವಿಕ್ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರಗಳಲ್ಲಿ ಒಂದು ನಮ್ಮ ಹಾಸನದಲ್ಲಿರುವ ಇಸ್ರೋದ ಎಂಸಿಎಫ್‌ನಲ್ಲೇ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ಇದೆ ಎನ್ನುವುದು ಊರಿನವನಾಗಿ ನನಗೆ ಹೆಮ್ಮೆ.

ಇನ್ನು ಹಳೇ ಮ್ಯಾಪ್. ಅದು ಎಲ್ಲಿಗೆ ನಿಂತಿತೋ ಅಲ್ಲೇ ನಿಂತಿದೆ, ಆಮೇಲೆ ಆದ ಬೈಪಾಸ್ ಯಾವುದೂ ಇಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಹತ್ತಿರ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದ್ ಆದಾಗ, ಇದು ಅದೇ ರಸ್ತೆಯಲ್ಲಿ ನೇರ ಹೋಗಿ ಎನ್ನುತ್ತಿತ್ತು. ಅಂಥ ದಿನ ಆ್ಯಪ್ ನೋಡಿದರೂ ಸಕಲೇಶಪುರದಲ್ಲಿ ಗಾಡಿ ನಿಲ್ಲಿಸಿ, ‘ಅಣ್ಣಾ, ಘಾಟಿ ಬಿಟ್ಟಿದ್ದಾರಾ?’ ಎಂದು ಕೇಳುವುದೇ ಒಳ್ಳೆಯದು.

ಇದನ್ನು ನಿಜವಾಗಿ ಸೋಲಿಸಿದ್ದು ವಾಟ್ಸಾಪ್ ಲೊಕೇಶನ್. ಹೋಂಸ್ಟೇ ಓನರ್‌ಗಳು ಈಗ ದಾರಿ ಬಾಯಲ್ಲಿ ಹೇಳುವುದಿಲ್ಲ, ಲೊಕೇಶನ್ ಕಳಿಸುತ್ತಾರೆ. ಹಳೇ ನೋಕಿಯಾಗಳಲ್ಲಿದ್ದ ಸಿಂಬಿಯನ್ ಸಾಫ್ಟ್‌ವೇರಿನ ಫೋನ್‌ಗಳಲ್ಲಿ ವಾಟ್ಸಾಪ್ 2017ರಲ್ಲೇ ನಿಂತಿತು. ಬಾಡಿಗೆಯನ್ನು ಫೋನ್‌ಪೇ ಮಾಡಿಸಿಕೊಳ್ಳಲೂ ಇನ್ನೊಂದು ಫೋನ್ ಬೇಕೇ ಬೇಕು.

ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೂ ಕೊಳ್ಳಬೇಡಿ. ಇರುವ ಸ್ಮಾರ್ಟ್‌ಫೋನಿಗೇ ಮನೆಯ ವೈಫೈನಲ್ಲಿ ಹಾಸನ, ಚಿಕ್ಕಮಗಳೂರು, ದಕ್ಷಿಣ ಕನ್ನಡದ ಮ್ಯಾಪ್ ಇಳಿಸಿಕೊಳ್ಳಿ. ಚಾರ್ಜರ್, ಒಣ ಬಟ್ಟೆ ಗಾಡಿಯಲ್ಲಿರಲಿ. ಫೋನ್ ಮಾಡುವವರಲ್ಲಿ ನನ್ನದೊಂದೇ ಕೋರಿಕೆ: ಪಕ್ಕದಲ್ಲಿ ಮ್ಯಾಪಿಗೆಂದೇ ಒಂದು ಗಟ್ಟಿ ಕೀ ಕೊಡಿ. ಅಂಥದ್ದು ಬಂದ ದಿನವೇ ನಾನು ಫೋನ್ ಬದಲಿಸುತ್ತೇನೆ.