ಅನುವಾದಿತ ಪುಸ್ತಕದ ಪುಟವಿನ್ಯಾಸಕ್ಕೆ ಯಾವ ತಂತ್ರಾಂಶ: ರೈಟರ್, ಸ್ಕ್ರೈಬಸ್, ಝೀಲಾಟೆಕ್
ಅನುವಾದವನ್ನು ಡೆಮಿ 1/8 ಆಕಾರದಲ್ಲಿ (ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆ) ತಾವೇ ಪ್ರಕಟಿಸಬೇಕೆಂದಿರುವವರು, ಮೂಲದ ಹಕ್ಕುದಾರರ ಅನುಮತಿ ಪಡೆದ ಮೇಲೆ, ಅಡಿಟಿಪ್ಪಣಿಗಳ ಸಂಖ್ಯೆ ನೋಡಿ ತಂತ್ರಾಂಶವನ್ನು ಆರಿಸುವುದು ಒಳ್ಳೆಯದು. ಲಿಬ್ರೆಆಫೀಸ್ ರೈಟರ್‌ನಲ್ಲಿ ಟಿಪ್ಪಣಿಗಳು ತಾವಾಗಿಯೇ ಆಯಾ ಪುಟದ ಕೆಳಗೆ ಕೂರುತ್ತವೆ. 40ನೆಯ ಪುಟಕ್ಕೆ ಒಂದು ಟಿಪ್ಪಣಿ ಸೇರಿಸಿದರೆ ಮುಂದಿನ ಸಂಖ್ಯೆಗಳೆಲ್ಲ ಸರಿಹೊಂದುತ್ತವೆ. ಪುಟವಿನ್ಯಾಸಕ್ಕೆಂದೇ ಇರುವ ಸ್ಕ್ರೈಬಸ್‌ನ ಹಳೆಯ 1.4 ಆವೃತ್ತಿಯಲ್ಲಿ ‘ರಾಷ್ಟ್ರ’ ಎಂಬ ಪದದ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು, 1.6ರಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ, ಅಡಿಟಿಪ್ಪಣಿ ಸೇರಿಸುವ ಸೌಲಭ್ಯವೂ ಇದೆ. ನಾಲ್ಕು ಬಣ್ಣದ ರಕ್ಷಾಪುಟಕ್ಕೆ ಅದೇ ಉತ್ತಮ. ಬರೆದ ಆದೇಶಗಳಿಂದ ಪುಟ ರೂಪಿಸುವ ಝೀಲಾಟೆಕ್ (XeLaTeX) ಇಡೀ ಪ್ಯಾರಾವನ್ನು ಲೆಕ್ಕಕ್ಕೆ ತೆಗೆದುಕೊಂಡು ಸಾಲು ಮುರಿಯುವುದರಿಂದ, ನಮ್ಮ ಉದ್ದುದ್ದ ಸಮಾಸಪದಗಳ ನಡುವೆ ಕಣ್ಣಿಗೆ ಚುಚ್ಚುವ ಖಾಲಿ ಜಾಗ ಕಡಿಮೆಯಾಗುತ್ತದೆ. ಆದರೆ ಆ ಆದೇಶಗಳನ್ನು ಕಲಿಯಲು ತಾಳ್ಮೆ ಬೇಕು. ಮೊದಲ ಪುಸ್ತಕವಾದರೆ ಒಳಪುಟಗಳಿಗೆ ರೈಟರ್, ರಕ್ಷಾಪುಟಕ್ಕೆ ಸ್ಕ್ರೈಬಸ್ ಎಂಬುದೇ ನನ್ನ ಸಲಹೆ.